ಕೊಳದ ಬಿರಡೆ, ಕೆರೆಯ ತೂಬು

ನೀರು ತುಂಬಿದ ಕೊಳದ ತಳದಲ್ಲಿ ಸಿಕ್ಕಿಕೊಂಡ ಬಿರಡೆಯನ್ನು ಕೀಳುವುದು ಹೇಗೆ? ಮೇಲ್ನೋಟಕ್ಕೆ ಇದು ಇತಿಹಾಸದ ಪ್ರಶ್ನೆಯಲ್ಲ, ನಲ್ಲಿ ರಿಪೇರಿ ಮಾಡುವವರ ಪ್ರಶ್ನೆ. ಆದರೆ ಮನುಷ್ಯನು ನೀರನ್ನು ಒಂದೆಡೆ ಕೂಡಿಟ್ಟ ದಿನವೇ ಅದನ್ನು ಹೊರಬಿಡುವ ತೂತೊಂದನ್ನೂ ಮಾಡಬೇಕಾಯಿತು; ತೂತು ಮಾಡಿದ ದಿನವೇ ಅದನ್ನು ಮುಚ್ಚುವ ಬಿರಡೆಯನ್ನೂ ಹುಡುಕಬೇಕಾಯಿತು. ಬಿರಡೆ ಹಾಕುವುದು ಸುಲಭ, ತೆಗೆಯುವುದು ಕಷ್ಟ ಎಂಬ ಅರಿವು ಅದರ ಹಿಂದೆಯೇ ಬಂದಿರಬೇಕು. ನನ್ನ ಬಳಿ ಓದಿದವರಲ್ಲಿ ಕೆಲವರು ಇಂದು ಈಜುಕೊಳವಿರುವ ವಸತಿ ಸಮುಚ್ಚಯಗಳಲ್ಲಿ ವಾಸವಾಗಿದ್ದಾರೆ. ಬಂಧುಗಳಲ್ಲಿ ಕೆಲವರು ಇನ್ನೂ ಕೆರೆಯ ಅಚ್ಚುಕಟ್ಟಿನಲ್ಲಿ ಗದ್ದೆ ಮಾಡುತ್ತಿದ್ದಾರೆ. ಇಬ್ಬರಿಗೂ ಸಂಬಂಧಿಸಿದ ವಿಷಯವಾದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಬಿರಡೆ ಏಕೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ನೋಡೋಣ. ಮರದ ಬಿರಡೆಯಾದರೆ ನೀರು ಕುಡಿದು ಉಬ್ಬುತ್ತದೆ. ಸುತ್ತಲೂ ಹೂಳು ತುಂಬಿ ಗಟ್ಟಿಯಾಗುತ್ತದೆ. ಇವೆರಡೂ ನಿಜವಾದರೂ ಮುಖ್ಯ ಕಾರಣ ಅವಲ್ಲ. ಮುಖ್ಯ ಕಾರಣ ನೀರಿನ ಭಾರ. ಒಂದು ಘನ ಸೆಂಟಿಮೀಟರ್ ನೀರಿನ ತೂಕ ಒಂದು ಗ್ರಾಂ. ಬಿರಡೆಯ ಮೇಲೆ 4 ಮೀಟರ್ ನೀರು ನಿಂತಿದ್ದರೆ ಅದರ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ 400 ಗ್ರಾಂ ಭಾರ ಬೀಳುತ್ತದೆ. 10 ಸೆಂಟಿಮೀಟರ್ ವ್ಯಾಸದ ಬಿರಡೆಯಾದರೆ ಒಟ್ಟು ಸುಮಾರು 31 ಕಿಲೋಗ್ರಾಂ. 20 ಸೆಂಟಿಮೀಟರಿನದಾದರೆ ಸುಮಾರು 125 ಕಿಲೋಗ್ರಾಂ. 30 ಸೆಂಟಿಮೀಟರಿನದಾದರೆ ಸುಮಾರು 283 ಕಿಲೋಗ್ರಾಂ. ವ್ಯಾಸ ಎರಡರಷ್ಟಾದರೆ ಭಾರ ನಾಲ್ಕರಷ್ಟಾಗುತ್ತದೆ ಎಂಬುದನ್ನು ಗಮನಿಸಿ. 20 ಸೆಂಟಿಮೀಟರ್ ಎಂದರೆ ಒಂದು ಗೇಣಿಗಿಂತ ತುಸು ಕಡಿಮೆ. ಅಷ್ಟು ಚಿಕ್ಕ ಮುಚ್ಚಳದ ಮೇಲೆ ಇಪ್ಪತ್ತೈದು ಕಿಲೋ ತೂಕದ ಐದು ಅಕ್ಕಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ. ಬಿರಡೆಯ ಕೆಳಗಿನ ಕೊಳವೆ ಬರಿದಾಗಿದ್ದರೆ ಈ ಭಾರವನ್ನು ಕೆಳಗಿನಿಂದ ಎತ್ತಿಹಿಡಿಯುವುದು ಯಾವುದೂ ಇಲ್ಲ. ಹೀಗಿರುವಾಗ ಬಿರಡೆ ಬರಲೊಲ್ಲದೆಂದು ಅದನ್ನು ಬಯ್ದು ಪ್ರಯೋಜನವಿಲ್ಲ.

ಈ ತೊಡಕಿನ ಅತ್ಯಂತ ಹಳೆಯ ನೆಲೆಗಳಲ್ಲಿ ಒಂದನ್ನು ನಮ್ಮ ಇತಿಹಾಸ ಪಠ್ಯಗಳಲ್ಲಿಯೇ ನೀವು ಓದಿದ್ದೀರಿ. ಮೊಹೆಂಜೊದಾರೊದ ಮಹಾ ಸ್ನಾನಗೃಹವು 1925–26ರ ಉತ್ಖನನದಲ್ಲಿ ಬೆಳಕಿಗೆ ಬಂದಿತು. ಅದರ ಕೊಳ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ. ಗುಣಿಸಿ ನೋಡಿದರೆ ತುಂಬಿದ ಕೊಳದಲ್ಲಿ ಸುಮಾರು ಎರಡು ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಇಟ್ಟಿಗೆಗಳನ್ನು ಒತ್ತಾಗಿ ನಿಲ್ಲಿಸಿ, ಜಿಪ್ಸಮ್ ಗಾರೆಯಿಂದ ಬೆಸೆದು, ಹೊರಗೋಡೆಯ ಒಳಗೆ ಬಿಟುಮೆನ್ ಎಂಬ ಕಪ್ಪು ಅಂಟನ್ನು ಬಳಿದು ಸೋರದಂತೆ ಮಾಡಿದ್ದರು. ನೆಲವನ್ನು ನೈಋತ್ಯ ಮೂಲೆಯ ಕಡೆಗೆ ಇಳಿಜಾರಾಗಿಸಿ, ಅಲ್ಲಿ ನೀರು ಹೊರಹೋಗುವ ತೂತನ್ನು ಇರಿಸಿದ್ದರು. ಆ ತೂತಿನಿಂದ ಹೊರಟ ನೀರು, ಇಟ್ಟಿಗೆಗಳನ್ನು ಸಾಲುಸಾಲಾಗಿ ಮುಂಚಾಚಿ ಜೋಡಿಸಿ ಕಮಾನಿನಂತೆ ಮುಚ್ಚಿದ ದೊಡ್ಡ ಚರಂಡಿಗೆ ಸೇರುತ್ತಿತ್ತು. ನಾವು ಮಕ್ಕಳಿಗೆ ಕಲಿಸುವಾಗ ಮೆಟ್ಟಿಲುಗಳನ್ನೂ ಇಟ್ಟಿಗೆಗಳನ್ನೂ ಹೊಗಳುತ್ತೇವೆ. ನನಗಾದರೋ ಆ ಮೂಲೆಯ ತೂತೇ ಹೆಚ್ಚು ಮಾತಾಡುವಂತೆ ತೋರುತ್ತದೆ. ಕೊಳವನ್ನು ತುಂಬುವ ಯೋಚನೆಯ ಜೊತೆಯಲ್ಲಿಯೇ ಬರಿದುಮಾಡುವ ಯೋಚನೆಯನ್ನೂ ಮಾಡಿದವರ ನಾಗರಿಕತೆ ಅದು.

ಸ್ನಾನದ ಕೊಳದಿಂದ ಬೇಸಾಯದ ಕೆರೆಗೆ ಬಂದರೆ ಈ ಸಮಸ್ಯೆ ಬಹಳ ದೊಡ್ಡದಾಗುತ್ತದೆ. ಕೊಳವನ್ನು ಅಪರೂಪಕ್ಕೊಮ್ಮೆ ಬರಿದುಮಾಡಿದರೆ ಸಾಕು. ಕೆರೆಯ ನೀರನ್ನಾದರೋ ಬೆಳೆಯ ಕಾಲದುದ್ದಕ್ಕೂ ಬೇಕಾದಾಗ ಬಿಡಬೇಕು, ಬೇಡವಾದಾಗ ನಿಲ್ಲಿಸಬೇಕು. ಅದಕ್ಕಾಗಿ ದಕ್ಷಿಣ ಭಾರತದವರು ಕಂಡುಕೊಂಡ ಉಪಾಯವೇ ತೂಬು. ಏರಿಯ ಅಡಿಯಲ್ಲಿ ಕಲ್ಲಿನ ಕಾಲುವೆಯೊಂದು ಹಾದುಹೋಗುತ್ತದೆ. ಕೆರೆಯ ಒಳಭಾಗದಲ್ಲಿ ಆ ಕಾಲುವೆಯ ಬಾಯಿಗೆ ಕಲ್ಲುಚಪ್ಪಡಿ ಹಾಸಿ, ಅದರಲ್ಲಿ ದುಂಡಾದ ತೂತು ಕೊರೆದಿರುತ್ತಾರೆ. ತೂತಿಗೆ ಸರಿಯಾಗಿ ಕೂರುವ, ಕೆಳಗೆ ಕಿರಿದಾಗುತ್ತ ಬರುವ ಬಿರಡೆ. ಬಿರಡೆಗೆ ನೆಟ್ಟಗೆ ಒಂದು ಉದ್ದನೆಯ ಗಳು. ತೂತಿನ ಇಕ್ಕೆಲಗಳಲ್ಲಿ ಎತ್ತರವಾದ ಎರಡು ಕಲ್ಲುಕಂಬಗಳು. ಕಂಬಗಳ ನಡುವೆ ಅಡ್ಡಕಲ್ಲುಗಳು. ಅಡ್ಡಕಲ್ಲುಗಳ ನಡುವಿನ ರಂಧ್ರದಲ್ಲಿ ಗಳು ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಬೇಸಗೆಯಲ್ಲಿ ನಮ್ಮ ಹಳ್ಳಿಗಳ ಕೆರೆಯಂಗಳದಲ್ಲಿ ಏಕಾಕಿಯಾಗಿ ನಿಂತಿರುವ ಜೋಡಿಕಂಬಗಳನ್ನು ನೋಡಿ, ಹಾಳುಬಿದ್ದ ಗುಡಿಯ ಬಾಗಿಲೆಂದು ಭಾವಿಸುವವರುಂಟು. ಅದು ಗುಡಿಯ ಬಾಗಿಲಲ್ಲ, ನೀರಿನ ಬಾಗಿಲು.

ಈ ರಚನೆಯಲ್ಲಿ ಅಡಗಿರುವ ಜಾಣತನ ಎರಡು ಬಗೆಯದು. ಮೊದಲನೆಯದು ತೂತಿನ ಅಳತೆ. ಕೆರೆ ಎಷ್ಟೇ ದೊಡ್ಡದಾಗಿರಲಿ, ಬಿರಡೆಯ ತೂತು ಮನುಷ್ಯನ ತೋಳಿನ ಶಕ್ತಿಗೆ ಮೀರದಷ್ಟು ಚಿಕ್ಕದಾಗಿರಬೇಕು. ಹೆಚ್ಚು ನೀರು ಬೇಕಾದರೆ ತೂತನ್ನು ಹಿಗ್ಗಿಸುವ ಬದಲು ಮತ್ತೊಂದು ತೂತನ್ನೋ ಮತ್ತೊಂದು ತೂಬನ್ನೋ ಮಾಡುವುದು ಲೇಸು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂತಹ ವಿಶಾಲವಾದ ಕೆರೆಗೂ ಸಿದ್ಧ, ಬಸವ ಎಂಬ ಎರಡು ತೂಬುಗಳಿವೆ; ಅವುಗಳಿಂದ ಹೊರಟ ನಾಲೆಗಳಿಗೂ ಅವೇ ಹೆಸರು. ಎರಡನೆಯದು ಮನುಷ್ಯನು ನಿಲ್ಲುವ ಜಾಗ. ಬಿರಡೆ ಇರುವುದು ನೀರಿನಡಿಯಲ್ಲಿ. ಅದನ್ನು ಎತ್ತುವವನು ಇರುವುದು ನೀರಿನ ಮೇಲೆ. ಗಳುವೂ ಕಂಬವೂ ಇರುವುದು ಇದಕ್ಕಾಗಿಯೇ. ಮುಳುಗಿ ಬಿರಡೆಯನ್ನು ಕೀಳುವ ಪ್ರಸಂಗವೇ ಬಾರದಿರಲಿ ಎಂಬುದು ಆ ಕಂಬಗಳನ್ನು ನೆಟ್ಟವರ ಉದ್ದೇಶ.

ನೆರೆಯ ನಾಡುಗಳಲ್ಲಿ ಇದೇ ಪ್ರಶ್ನೆಗೆ ಬೇರೆ ಉತ್ತರಗಳೂ ಹುಟ್ಟಿದವು. ತಮಿಳುನಾಡಿನಲ್ಲಿ ಏರಿಯಿಂದ ದೂರ, ಕೆರೆಯ ಒಳಗೆ ನಿಲ್ಲಿಸಿದ ಕುಮಿಳಿ ತೂಂಬು ಎಂಬ ಬಗೆಯಿದೆ. ಕುಮಿಳಿ ಎಂದರೆ ನೀರಿನ ಗುಳ್ಳೆ. ಅದರಲ್ಲಿ ಮೇಲಿನ ತೂತು ತಿಳಿನೀರಿಗೆ, ಕೆಳಗಿನ ಚಿಕ್ಕ ತೂತುಗಳು ಕೆಸರಿಗೆ. ನೀರು ಹೋಗುವಾಗ ಹೂಳನ್ನೂ ಸ್ವಲ್ಪ ಸ್ವಲ್ಪವಾಗಿ ಸೆಳೆದುಕೊಂಡು ಹೋಗುವುದರಿಂದ ಬಿರಡೆಯ ಸುತ್ತ ಕೆಸರು ಹೆಪ್ಪುಗಟ್ಟುವುದು ಕಡಿಮೆ. ಆದರೆ ಅದನ್ನು ತೆರೆಯಲು ಒಬ್ಬನು ಈಜಿಕೊಂಡು ಹೋಗಬೇಕಿತ್ತು. ಶ್ರೀಲಂಕಾದ ಪ್ರಾಚೀನ ಕೆರೆಗಳಲ್ಲಿ ಬಿಸೋಕೋಟುವ ಎಂಬ ಚೌಕಾಕಾರದ ಬಾವಿಯನ್ನು ಏರಿಯ ಒಳಗೇ ಕಟ್ಟಿ, ಅಲ್ಲಿ ನೀರಿನ ಹರಿವನ್ನು ಹತೋಟಿಗೆ ತರುತ್ತಿದ್ದರು. ಅಲ್ಲಿ ನೀರಾವರಿ ಇಲಾಖೆಯಲ್ಲಿದ್ದ ಹೆನ್ರಿ ಪಾರ್ಕರ್ ಎಂಬ ಇಂಗ್ಲಿಷ್ ಎಂಜಿನಿಯರ್ 1909ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಬಾವಿಗಳನ್ನು ಕುರಿತು ಬೆರಗಿನಿಂದ ಬರೆದಿದ್ದಾನೆ.

ಇನ್ನು ಈ ಬಿರಡೆಯನ್ನು ಎತ್ತಿ ಇಳಿಸುತ್ತಿದ್ದವರು ಯಾರು? ಹಳೆಯ ಮೈಸೂರು ಸೀಮೆಯ ಹನ್ನೆರಡು ಮಂದಿ ಆಯಗಾರರ ಪಟ್ಟಿಯಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿ ಮೊದಲಾದವರ ಜೊತೆಗೆ ನೀರುಗಂಟಿಯ ಹೆಸರೂ ಇದೆ. ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂಬುದು ಅವನ ಹೊಣೆ. ಸುಗ್ಗಿಯಲ್ಲಿ ಕಣದಲ್ಲಿ ಅಳೆದುಕೊಟ್ಟ ಧಾನ್ಯ ಅವನ ಸಂಬಳ. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ, ತೂಬು ಇಡಿಸಿದವರ ಹೆಸರುಗಳು ಧಾರಾಳವಾಗಿ ಸಿಗುತ್ತವೆ. ಕೆರೆಯ ದುರಸ್ತಿಗೆಂದು ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆ ಮುಂತಾದ ದತ್ತಿಗಳ ವಿವರಗಳೂ ಸಿಗುತ್ತವೆ. ಬಿರಡೆ ಸಿಕ್ಕಿಕೊಂಡಾಗ ಕತ್ತಿನವರೆಗಿನ ನೀರಿನಲ್ಲಿ ನಿಂತು ಗಳುವನ್ನು ಅಲುಗಾಡಿಸಿದವನ ಹೆಸರನ್ನು ಮಾತ್ರ ಕಲ್ಲಿನ ಮೇಲೆ ಕೊರೆಯುವ ವಾಡಿಕೆ ಇರಲಿಲ್ಲ.

1860ರ ದಶಕದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಬೆಂಗಳೂರಿನ ಕೆರೆಯೊಂದರಿಂದಾಗಿ ನಿಮಗೆಲ್ಲ ಪರಿಚಿತನಾದವನು, ಈ ಸಂಸ್ಥಾನದ 27,269 ಚದರ ಮೈಲಿಗಳಲ್ಲಿ ಹತ್ತಿರ ಹತ್ತಿರ ಶೇಕಡಾ 60 ಭಾಗವು ಜನರ ತಾಳ್ಮೆಯ ದುಡಿಮೆಯಿಂದ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ ಎಂದು ಬರೆದನು. ಅಷ್ಟು ಕೆರೆಗಳಿದ್ದವೆಂದರೆ ಅಷ್ಟು ತೂಬುಗಳೂ, ಅಷ್ಟು ಬಿರಡೆಗಳೂ, ಅವುಗಳ ಸ್ವಭಾವವನ್ನು ಬಲ್ಲ ಅಷ್ಟು ಮಂದಿಯೂ ಇದ್ದರೆಂದು ಅರ್ಥ.

ಅವರ ಕೈಗೆ ಗೊತ್ತಿದ್ದ ಸಂಗತಿಯನ್ನು ಲೆಕ್ಕದ ಭಾಷೆಗೆ ತಂದವನು ದೂರದ ಹಾಲೆಂಡಿನ ಒಬ್ಬ ಎಂಜಿನಿಯರ್. ಆ ನಾಡಿನಲ್ಲಿ ನೆಲದ ಸಾಕಷ್ಟು ಭಾಗವು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದ್ದು, ನೀರನ್ನು ತಡೆಯುವುದೂ ಬಿಡುವುದೂ ಅಲ್ಲಿಯವರಿಗೆ ಪ್ರಾಣದ ಪ್ರಶ್ನೆ. ಸೈಮನ್ ಸ್ಟೆವಿನ್ ಬ್ರೂಜ್ ನಗರದಲ್ಲಿ 1548ರಲ್ಲಿ ಹುಟ್ಟಿ, ಮುಂದೆ ಹಾಲೆಂಡಿನಲ್ಲಿ ನೆಲೆಸಿದನು. ದಶಮಾಂಶ ಭಿನ್ನರಾಶಿಗಳನ್ನು ಯೂರೋಪಿನಲ್ಲಿ ಬಳಕೆಗೆ ತಂದ ಪುಸ್ತಿಕೆ 1585ರಲ್ಲಿ ಬಂದದ್ದು ಇವನದೇ. ಅದರ ಮರುವರ್ಷ ನೀರಿನ ತೂಕದ ತತ್ವಗಳನ್ನು ಕುರಿತ ಗ್ರಂಥವನ್ನು ತನ್ನ ತಾಯ್ನುಡಿಯಾದ ಡಚ್ ಭಾಷೆಯಲ್ಲಿಯೇ ಪ್ರಕಟಿಸಿದನು. ವಿದ್ವಾಂಸರೆಲ್ಲ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಆ ಗ್ರಂಥದ ಒಂದು ಪ್ರಯೋಗ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಒಂದು ಪಾತ್ರೆಯ ತಳದಲ್ಲಿ ದುಂಡನೆಯ ತೂತು, ತೂತಿನ ಮೇಲೆ ಮರದ ಬಿಲ್ಲೆ, ಮೇಲೆ ನೀರು. ಮರ ನೀರಿಗಿಂತ ಹಗುರವಾದುದರಿಂದ ಬಿಲ್ಲೆ ತೇಲಬೇಕಷ್ಟೆ? ತೇಲುವುದಿಲ್ಲ. ತೂತನ್ನು ಗಟ್ಟಿಯಾಗಿ ಒತ್ತಿಕೊಂಡು ಕೂರುತ್ತದೆ. ಅದನ್ನು ಎತ್ತಬೇಕಾದರೆ ಬಿಲ್ಲೆಯ ಮೇಲೆ ನೇರವಾಗಿ ನಿಂತ ನೀರಿನ ಕಂಬದ ತೂಕಕ್ಕೆ ಸರಿಗಟ್ಟುವ ಬಲ ಬೇಕು. ಪಾತ್ರೆ ಅಗಲವಾಗಿರಲಿ, ಕಿರಿದಾಗಿರಲಿ, ಸೊಟ್ಟಗಿರಲಿ, ಲೆಕ್ಕ ಬದಲಾಗುವುದಿಲ್ಲ. ಬಿಲ್ಲೆಯ ವಿಸ್ತಾರ ಮತ್ತು ನೀರಿನ ಆಳ ಇವೆರಡೇ ಮುಖ್ಯ. ಅಂದರೆ ಹತ್ತು ಮೈಲಿ ಹರಡಿದ ಕೆರೆಯೂ ಮನೆಯ ಹಿತ್ತಲಿನ ಬಾವಿಯೂ ಒಂದೇ ಆಳದಲ್ಲಿ ಬಿರಡೆಯನ್ನು ಒಂದೇ ಸಮನಾಗಿ ಒತ್ತುತ್ತವೆ. ಇದನ್ನು ಕೇಳಿದ ಕೂಡಲೇ ನಂಬುವುದು ಕಷ್ಟ. ಆದುದರಿಂದಲೇ ಇದಕ್ಕೆ ಜಲಸ್ಥಿತಿಯ ವಿರೋಧಾಭಾಸವೆಂಬ ಹೆಸರು ಬಂದಿದೆ.

ನನ್ನ ವಿದ್ಯಾರ್ಥಿಗಳಾಗಿದ್ದವರಿಗೆ ಲಾಟೀನಿನ ಗಾಜಿನ ಚಿಮಣಿಯ ಪ್ರಯೋಗ ನೆನಪಿರಬಹುದು. ಚಿಮಣಿಯ ಒಂದು ಬಾಯಿಗೆ ರಟ್ಟಿನ ಬಿಲ್ಲೆಯನ್ನು ದಾರದಿಂದ ಬಿಗಿಹಿಡಿದು ಬಕೆಟ್ ನೀರಿನಲ್ಲಿ ಮುಳುಗಿಸಿ, ಆಮೇಲೆ ದಾರವನ್ನು ಬಿಡುತ್ತಿದ್ದೆವು. ಬಿಲ್ಲೆ ಬೀಳುತ್ತಿರಲಿಲ್ಲ. ಚಿಮಣಿಯೊಳಗೆ ಮೆಲ್ಲಗೆ ನೀರು ಸುರಿಯುತ್ತ ಹೋಗಿ, ಒಳಗಿನ ಮಟ್ಟವೂ ಹೊರಗಿನ ಮಟ್ಟವೂ ಸಮನಾಗುತ್ತ ಬಂದಾಗ ಯಾರೂ ಮುಟ್ಟದೆಯೇ ಬಿಲ್ಲೆ ಕಳಚಿಕೊಂಡು ತಳ ಸೇರುತ್ತಿತ್ತು. ಹಿಂದಿನ ಬೆಂಚಿನವರೂ ಎದ್ದುನಿಂತು ನೋಡುತ್ತಿದ್ದ ಕೆಲವೇ ಪ್ರಯೋಗಗಳಲ್ಲಿ ಅದೂ ಒಂದು. ಸಿಕ್ಕಿಕೊಂಡ ಬಿರಡೆಯ ಪರಿಹಾರವೆಲ್ಲ ಆ ಚಿಮಣಿಯಲ್ಲಿದೆ. ಬಿರಡೆಯ ಜೊತೆ ಜಗಳವಾಡಬೇಡಿ. ಅದರ ಎರಡೂ ಬದಿಯ ನೀರನ್ನು ಸಮಮಾಡಿ. ಇಲ್ಲವೇ ಮೇಲಿನ ನೀರನ್ನು ಇಳಿಸಿ. ಆಮೇಲೆ ಉಳಿಯುವುದು ಉಬ್ಬಿದ ಮರದ ಮತ್ತು ಹೂಳಿನ ಹಿಡಿತ ಮಾತ್ರ. ಅದು ಮನುಷ್ಯಪ್ರಯತ್ನಕ್ಕೆ ಮೀರಿದುದಲ್ಲ.

ಬಲವನ್ನು ಹೆಚ್ಚಿಸುವ ದಾರಿಯೂ ಒಂದುಂಟು. ಬ್ರಿಟಿಷರ ಕಾಲದ ಲೋಕೋಪಯೋಗಿ ಇಲಾಖೆಯು ಅನೇಕ ಕೆರೆಗಳಲ್ಲಿ ಹಳೆಯ ಗಳುವನ್ನು ತೆಗೆದು ತಿರುಪಿನ ಕಬ್ಬಿಣದ ಸಲಾಕೆಯನ್ನು ಹಾಕಿತು. ತಿರುಪನ್ನು ಹಲವು ಸುತ್ತು ತಿರುಗಿಸಿದರೆ ಬಿರಡೆ ಅಂಗುಲದಷ್ಟು ಏರುತ್ತದೆ, ಒಬ್ಬನೇ ಸಾಕು. ಇದಕ್ಕಿಂತಲೂ ಸೊಗಸಾದ ದಾರಿಯನ್ನು ಹಿಡಿದವರು ನಮ್ಮವರೇ ಆದ ವಿಶ್ವೇಶ್ವರಯ್ಯನವರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ ಅವರು ವಿನ್ಯಾಸಗೊಳಿಸಿದ ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಲಾಯಿತು. ನೀರು ನಿಗದಿತ ಮಟ್ಟವನ್ನು ಮೀರಿದರೆ ಗೇಟು ತಾನಾಗಿ ತೆರೆಯುತ್ತದೆ. ಇಳಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಬಾಗಿಲನ್ನು ಒತ್ತಿಹಿಡಿಯುವ ನೀರಿನಿಂದಲೇ ಬಾಗಿಲನ್ನು ತೆರೆಸಿದ ಜಾಣ್ಮೆ ಅದು. ಪ್ರವಾಹ ಬಂದ ನಡುರಾತ್ರಿಯಲ್ಲಿ ಒಬ್ಬನು ಮಳೆಯಲ್ಲಿ ನೆನೆಯುತ್ತ ಗೇಟಿನ ಬಳಿಗೆ ಓಡಬೇಕಾದ ಅಗತ್ಯವನ್ನೂ ಅದು ತಪ್ಪಿಸಿತು.

ಈಗ ಆಧುನಿಕ ಈಜುಕೊಳಕ್ಕೆ ಬರೋಣ. ಇಲ್ಲಿ ತಳದ ತೂತಿಗೆ ಹೆಚ್ಚಾಗಿ ಪಂಪಿನ ಕೊಳವೆ ಸೇರಿರುತ್ತದೆ. ನೀರಿನ ಭಾರದ ಜೊತೆಗೆ ಪಂಪಿನ ಸೆಳೆತವೂ ಕೂಡಿಕೊಳ್ಳುತ್ತದೆ. ತೂತಿನ ಮುಚ್ಚಳ ಮುರಿದಿದ್ದು, ಅದಕ್ಕೆ ಮನುಷ್ಯನ ಮೈಯೋ ಕೈಯೋ ಅಡ್ಡಬಂದರೆ ಆ ಮನುಷ್ಯನೇ ಬಿರಡೆಯಾಗುತ್ತಾನೆ. ಅಮೆರಿಕದಲ್ಲಿ 2002ರಲ್ಲಿ ಅಲ್ಲಿಯ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು ಬಿಸಿನೀರಿನ ತೊಟ್ಟಿಯ ತಳದ ತೂತಿನ ಸೆಳೆತಕ್ಕೆ ಸಿಕ್ಕಿ ತೀರಿಕೊಂಡಳು. ಆ ಮಗುವಿಗೆ ಈಜು ಬರುತ್ತಿತ್ತು. ತಾಯಿಯ ಸತತ ಪ್ರಯತ್ನದಿಂದ 2007ರಲ್ಲಿ ಆ ಮಗುವಿನ ಹೆಸರಿನಲ್ಲಿಯೇ ಕಾನೂನು ಬಂದಿತು: ಸಾರ್ವಜನಿಕ ಕೊಳಗಳ ತೂತುಗಳಿಗೆ ಮೈ ಅಂಟಿಕೊಳ್ಳದಂತಹ ಮುಚ್ಚಳಗಳಿರಬೇಕು, ಒಂದೇ ತೂತಿರುವ ಕಡೆ ಸೆಳೆತವನ್ನು ತಪ್ಪಿಸುವ ಮತ್ತೊಂದು ವ್ಯವಸ್ಥೆಯಿರಬೇಕು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂದು ಗಾದೆ ಹೇಳುತ್ತದೆ. ಆದರೂ ಹಾಕಿದ ಬಾಗಿಲು ಮುಂದಿನ ಮಕ್ಕಳನ್ನು ಕಾಯುತ್ತದೆ.

ಆದುದರಿಂದ ನಿಮ್ಮ ಸಮುಚ್ಚಯದ ಕೊಳದಲ್ಲಿ ಬಿರಡೆ ಸಿಕ್ಕಿಕೊಂಡಿತೆಂದು ಯಾರಾದರೂ ಹೇಳಿದರೆ, ಕಾವಲಿನ ಹುಡುಗನನ್ನೋ ಶುಚಿಮಾಡುವವನನ್ನೋ "ಒಂದು ಮುಳುಗು ಹಾಕಿ ಕಿತ್ತುಬಿಡಪ್ಪಾ" ಎಂದು ಕಳುಹಿಸಬೇಡಿ. ಬಿರಡೆ ಬಾರದಿದ್ದರೆ ಅವನ ಶ್ರಮ ವ್ಯರ್ಥ. ಥಟ್ಟನೆ ಬಂದುಬಿಟ್ಟರೆ ನುಗ್ಗುವ ನೀರು ಅವನ ಕೈಯನ್ನು ತೂತಿಗೆ ಎಳೆದೀತು. ಮೊದಲು ಪಂಪನ್ನು ನಿಲ್ಲಿಸಿ. ಕೊಳದಲ್ಲಿ ಯಾರೂ ಇಲ್ಲದಂತೆ ನೋಡಿಕೊಳ್ಳಿ. ಹೊರಹೋಗುವ ಕೊಳವೆಗೆ ವಾಲ್ವ್ ಇದ್ದರೆ ಅದನ್ನು ಮುಚ್ಚಿ, ಸಾಧ್ಯವಿದ್ದರೆ ಕೊಳವೆಗೆ ನೀರು ತುಂಬಿಸಿ. ಚಿಮಣಿಯ ಪ್ರಯೋಗ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದಾಗದಿದ್ದರೆ ಮೇಲಿನಿಂದ ಬೇರೆ ಪಂಪಿನಲ್ಲೋ, ಕೊಳದಾಚೆ ತಗ್ಗು ಜಾಗವಿದ್ದರೆ ಬಗ್ಗಿಸಿದ ರಬ್ಬರ್ ಕೊಳವೆಯಲ್ಲೋ ನೀರನ್ನು ಹೊರತೆಗೆದು ಮಟ್ಟವನ್ನು ತಗ್ಗಿಸಿ. ಮಟ್ಟ ಅರ್ಧಕ್ಕಿಳಿದರೆ ಬಿರಡೆಯ ಮೇಲಿನ ಭಾರವೂ ಅರ್ಧವಾಗುತ್ತದೆ. ನೀರು ಪೂರ್ತಿ ಇಳಿದ ಮೇಲೆ ಸುತ್ತಲಿನ ಕಸ ತೆಗೆದು, ಹಾರೆಯಿಂದ ಬಡಿಯದೆ, ಮೆಲ್ಲಗೆ ಅತ್ತಿತ್ತ ಅಲುಗಿಸಿ ನೇರವಾಗಿ ಎತ್ತಬೇಕು. ಒಂದು ದಿನ ಹೆಚ್ಚಾಗುತ್ತದೆ, ಒಂದಷ್ಟು ನೀರು ಹೋಗುತ್ತದೆ, ಹೋದರೆ ಹೋಗಲಿ.

ಕೆರೆಯ ವಿಷಯದಲ್ಲಿ ಕಥೆ ಬೇರೆಯಾಯಿತು. ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಗೊಳಿಸುವ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದಾಗ ನೀರುಗಂಟಿಕೆಯೂ ಹೋಯಿತು. ಅದು ಹೋಗಬೇಕಾದದ್ದೇ. ಆ ಕೆಲಸ ಮಾಡುತ್ತಿದ್ದವರಲ್ಲಿ ಬಹುಮಂದಿ ದಲಿತರು. ತಂದೆ ಮುಳುಗಿದ ನೀರಿನಲ್ಲಿ ಮಗನೂ ಮುಳುಗಲೇಬೇಕೆಂಬ ಕಟ್ಟಳೆ ಯಾರ ಒಳಿತಿಗೂ ಆಗಿರಲಿಲ್ಲ. ಅವರ ಮಕ್ಕಳು ಶಾಲೆಗೆ ಬಂದು ಓದಿ ಬೇರೆ ಬೇರೆ ಹುದ್ದೆಗಳಿಗೆ ಹೋದದ್ದನ್ನು ಕಂಡು ಸಂತೋಷಪಟ್ಟ ಅಧ್ಯಾಪಕರಲ್ಲಿ ನಾನೂ ಒಬ್ಬ. ಆದರೆ ಹುದ್ದೆಯನ್ನು ತೆಗೆದ ನಾವು ಆ ಕೆಲಸವನ್ನು ಗೌರವದ ಸಂಬಳ ಕೊಟ್ಟು ಇನ್ನೊಬ್ಬರಿಗೆ ಸರಿಯಾಗಿ ವಹಿಸಲಿಲ್ಲ. ಬಲ್ಲವರಿಂದ ಕೇಳಿ ಬರೆದಿಡಲೂ ಇಲ್ಲ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಬಿರಡೆಯನ್ನು ಎತ್ತಿ, ತೊಳೆದು, ಸವೆದಿದ್ದರೆ ಬದಲಿಸಿ ಕೂರಿಸುವ ಕೆಲಸ ಅನೇಕ ಊರುಗಳಲ್ಲಿ ನಿಂತುಹೋಯಿತು. ಕೆರೆ ತುಂಬಿದ ಮೇಲೆ ಬಿರಡೆ ಬರಲೊಲ್ಲದು. ಬರದಿದ್ದಾಗ ಏರಿಯನ್ನೇ ಕಡಿದು ನೀರು ಬಿಟ್ಟ ಊರುಗಳೂ ಉಂಟು. ಒಂದು ಗೇಣಗಲದ ಮುಚ್ಚಳವನ್ನು ಒಂದು ಬೇಸಗೆ ಮರೆತದ್ದಕ್ಕೆ ತೆತ್ತ ಬೆಲೆ ಅದು.

ನಿಮ್ಮ ನಿಮ್ಮ ಊರುಗಳಲ್ಲಿ ತೂಬಿನ ಬಿರಡೆಯನ್ನು ಎತ್ತಿ ಬಲ್ಲ ಹಿರಿಯರು ಇನ್ನೂ ಇದ್ದರೆ, ಮುಂದಿನ ಸಲ ಹೋದಾಗ ಅವರ ಪಕ್ಕದಲ್ಲಿ ಕುಳಿತು ಕೇಳಿ. ಬಿರಡೆಗೆ ಯಾವ ಮರ ಬಳಸುತ್ತಿದ್ದರು, ಯಾವ ತಿಂಗಳಲ್ಲಿ ಬದಲಿಸುತ್ತಿದ್ದರು, ಸಿಕ್ಕಿಕೊಂಡಾಗ ಏನು ಮಾಡುತ್ತಿದ್ದರು, ಅದರ ಒಂದೊಂದು ಭಾಗಕ್ಕೂ ಅವರ ಬಾಯಲ್ಲಿ ಏನು ಹೆಸರು ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳಿ. ಹೇಳಿದವರ ಹೆಸರನ್ನೂ ಅದರ ಕೆಳಗೆ ತಪ್ಪದೆ ಬರೆಯಿರಿ.